ಸರ್ವರ್ ಬದಲಾಯಿಸಿದ ಮೇಲೆ ಟೇಪ್ ಬೇಗ ತುಂಬುತ್ತಿದೆ, ಕಂಪ್ರೆಷನ್ ಹೋಯಿತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಬ್ಯಾಕಪ್ ಟೇಪ್ ಬರೆಯುವ ಡ್ರೈವ್ ಅದೇ ಹಳೆಯ ಎಲ್‌ಟಿಒ-6 (ಎಲ್‌ಟಿಒ ಅನ್ನುವ ಟೇಪ್ ಮಾದರಿಯ ಆರನೇ ತಲೆಮಾರು), ಟೇಪುಗಳೂ ಅವೇ. ಹಳೆಯ ಸರ್ವರ್‌ನಲ್ಲಿ ಒಂದು ಟೇಪಿಗೆ ಹತ್ತಿರಹತ್ತಿರ 4 ಟಿಬಿ ಹಿಡಿಯುತ್ತಿತ್ತು. ಹೊಸ ಲಿನಕ್ಸ್ ಸರ್ವರ್‌ಗೆ ಹೋದ ಮೇಲೆ 2.27 ಟಿಬಿಗೇ ಮುಗಿದು ಎರಡನೇ ಟೇಪ್ ಕೇಳುತ್ತಿದೆ. ಸಾಫ್ಟ್‌ವೇರ್‌ನಲ್ಲಿ ಕಂಪ್ರೆಷನ್, ಅಂದರೆ ಡೇಟಾ ಕುಗ್ಗಿಸಿ ಬರೆಯುವುದು, ಆನ್ ಅಂತಲೇ ತೋರಿಸುತ್ತದೆ. ಡ್ರೈವ್ ಹಾಳಾಯಿತಾ, ಹಳೆಯ ಟೇಪುಗಳನ್ನು ಇನ್ನು ಓದಬಹುದಾ ಅಂತ ಕೇಳಿದ್ದೀರಿ.

ಡ್ರೈವ್ ಹಾಳಾದ ಹಾಗೆ ಕಾಣುವುದಿಲ್ಲ ಮಾರಾಯ್ರೆ. ನೀವು ಕೊಟ್ಟ 2.27ರಲ್ಲೇ ಅರ್ಧ ಉತ್ತರ ಇದೆ. ಎಲ್‌ಟಿಒ-6 ಟೇಪಿನ ನಿಜವಾದ ಅಳತೆ 2.5 ಟಿಬಿ. ಅದರ ಮೇಲೆ ದೊಡ್ಡದಾಗಿ ಬರೆಯುವ 6.25 ಟಿಬಿ, ಡೇಟಾ ಎರಡೂವರೆ ಪಟ್ಟು ಕುಗ್ಗುತ್ತದೆ ಅಂತ ಅಂದಾಜು ಮಾಡಿ ಹಾಕಿದ್ದು. ಟೇಪ್ ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಟಿಬಿ ಹೇಳುತ್ತಾರೆ, ನಿಮ್ಮ ಸಾಫ್ಟ್‌ವೇರ್ 1024ರ ಲೆಕ್ಕದಲ್ಲಿ. 2.5ನ್ನು ಆ ಲೆಕ್ಕಕ್ಕೆ ತಂದರೆ ಸರಿಯಾಗಿ 2.27. ಅಂದರೆ ಟೇಪ್ ಪೂರ್ತಿ ತುಂಬಿದೆ, ಡೇಟಾ ಮಾತ್ರ ಒಂದು ಚೂರೂ ಕುಗ್ಗಿಲ್ಲ.

1.8, 1.9ಕ್ಕೆ ನಿಂತಿದ್ದರೆ ನಾನು ಬೇರೆಯೇ ಹೇಳುತ್ತಿದ್ದೆ. ಎಲ್‌ಟಿಒ ಡ್ರೈವ್ ಬರೆದದ್ದನ್ನು ಆಗಲೇ ಓದಿ ನೋಡುತ್ತದೆ, ತಪ್ಪಿದ್ದರೆ ಮುಂದೆ ಹೋಗಿ ಅದನ್ನೇ ಮತ್ತೆ ಬರೆಯುತ್ತದೆ. ಓದಿ ಬರೆಯುವ ಹೆಡ್ ಕೊಳೆಯಾದರೆ ಹೀಗೆ ಜಾಗ ಹಾಳಾಗುತ್ತದೆ. ಇಲ್ಲಿ ಮಂಗಳೂರಿನಲ್ಲಿ ಮಳೆಗಾಲದಲ್ಲಿ ಟೇಪನ್ನು ಸ್ಕೂಟರಿನಲ್ಲಿ ತಂದು ಸೀದಾ ಎಸಿ ರೂಮಿನ ಡ್ರೈವಿಗೆ ತುರುಕುವವರಿದ್ದಾರೆ. ಒಂದು ದಿನ ರೂಮಿನಲ್ಲಿ ಸುಮ್ನೆ ಇಟ್ಟು ಆಮೇಲೆ ಹಾಕಿ. ಇರಲಿ, ನಿಮ್ಮದು ಆ ಕೇಸ್ ಅಲ್ಲ.

ಈಗ ತಿಳಿಯಬೇಕಾದದ್ದು ಒಂದೇ. ಡ್ರೈವ್ ಕುಗ್ಗಿಸುತ್ತಿಲ್ಲವಾ, ಅಥವಾ ಕುಗ್ಗದ ಡೇಟಾವನ್ನೇ ನೀವು ಕಳಿಸುತ್ತಿದ್ದೀರಾ? ಸಾಫ್ಟ್‌ವೇರ್‌ನ ಟಿಕ್ ನೋಡಿ ಇದನ್ನು ತೀರ್ಮಾನ ಮಾಡಬೇಡಿ. ಒಂದು ಬೇಡದ ಟೇಪ್ ಹಾಕಿ, ಡೇಟಾ ನಕಲು ಮಾಡುವ ಡಿಡಿ ಕಮಾಂಡ್‌ನಿಂದ, ಸುಲಭವಾಗಿ ಕುಗ್ಗುವ ಬರೀ ಸೊನ್ನೆಗಳನ್ನು 40 ಜಿಬಿಯಷ್ಟು ಬರೆಸಿ. ಬ್ಲಾಕ್ ಸೈಜ್ (ಒಂದು ಸಲಕ್ಕೆ ಬರೆಯುವ ತುಂಡಿನ ಅಳತೆ) 256 ಕೆಬಿ ಕೊಡಿ. ಬೇಡದ ಟೇಪ್ ಅಂದೆ, ನೆನಪಿರಲಿ: ಶುರುವಿನಲ್ಲಿ ಸ್ವಲ್ಪವೇ ಬರೆದರೂ ಅದರ ಹಿಂದಿನದೆಲ್ಲ ಹೋದ ಹಾಗೆಯೇ. ಗಡಿಯಾರ ನೋಡಿಕೊಂಡು ಕೂತಿರಿ. ಎಲ್‌ಟಿಒ-6ರ ಸಹಜ ವೇಗ ಸೆಕೆಂಡಿಗೆ 160 ಎಂಬಿ. ಕಂಪ್ರೆಷನ್ ಇಲ್ಲದಿದ್ದರೆ ನಾಲ್ಕು ನಿಮಿಷಕ್ಕೂ ಜಾಸ್ತಿ ಬೇಕು. ಇದ್ದರೆ ವೇಗ 400ರವರೆಗೂ ಏರಬಹುದು, ಎರಡು ನಿಮಿಷದ ಒಳಗೆ ಮುಗಿಯುತ್ತದೆ.

ನಾನು ಇದನ್ನು ಕಲಿತದ್ದು ಬೈಕಂಪಾಡಿಯ ಒಂದು ಆಫೀಸಿನಲ್ಲಿ, ಎರಡು ರಾತ್ರಿ ಹಾಳು ಮಾಡಿಕೊಂಡು. ಶುಕ್ರವಾರ ರಾತ್ರಿಯ ಬ್ಯಾಕಪ್‌ಗೆ ಯಾವಾಗಲೂ ಒಂದೇ ಟೇಪ್. ಶನಿವಾರ ಬೆಳಿಗ್ಗೆ ಸ್ಟೋರಿನವರು ಅದನ್ನು ತೆಗೆದು ಲಾಕರಿನಲ್ಲಿಡುವುದು. ಸರ್ವರ್ ಬದಲಾದ ವಾರ ಅವರು ಫೋನ್ ಮಾಡಿ, "ಸರ್, ಇದು ಇನ್ನೊಂದು ಟೇಪ್ ಕೇಳ್ತಾ ಉಂಟು, ಎಂತ ಮಾಡುದು?" ಅಂದರು. ನಾನು ಕೇಬಲ್ ಬದಲಾಯಿಸಿದೆ, ಕಾರ್ಡ್ ತೆಗೆದು ಬೇರೆ ಸ್ಲಾಟಿಗೆ ಹಾಕಿದೆ. ಮೂರನೇ ದಿನ ಸೊನ್ನೆ ಬರೆಸಿ ನೋಡಿದರೆ ಒಂದು ನಿಮಿಷ ಐವತ್ತು ಸೆಕೆಂಡ್! ಡ್ರೈವ್ ಪಾಪ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಹೊಸ ಸಾಫ್ಟ್‌ವೇರ್ ಹಾಕುವಾಗ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಓದಲಾಗದ ಹಾಗೆ ಡೇಟಾಕ್ಕೆ ಬೀಗ ಹಾಕುವುದು) ಅಂತ ಒಂದು ಟಿಕ್ ಕಂಡಿತ್ತು. ಒಳ್ಳೆಯದೇ ಅಲ್ವಾ ಅಂತ ನಾನೇ ಒತ್ತಿದ್ದೆ.

ಎನ್‌ಕ್ರಿಪ್ಟ್ ಆದ ಡೇಟಾದಲ್ಲಿ ಮತ್ತೆ ಮತ್ತೆ ಬರುವಂಥದ್ದು ಏನೂ ಉಳಿಯುವುದಿಲ್ಲ. ಕುಗ್ಗಿಸಲು ಡ್ರೈವಿಗೆ ಹಿಡಿತವೇ ಸಿಗದು. ಮೊದಲೇ ಕುಗ್ಗಿಸಿದ ಫೈಲುಗಳ ಕಥೆಯೂ ಇದೇ. ಜಿಜಿಪ್ ಅನ್ನುವ ಪ್ರೋಗ್ರಾಮಿನಿಂದ ಕುಗ್ಗಿಸಿದ ಡೇಟಾಬೇಸ್ ಡಂಪ್ (ಡೇಟಾಬೇಸಿನ ನಕಲು ಫೈಲ್), ಫೋಟೋ, ವಿಡಿಯೋ ಎಲ್ಲ ಮೂರು ಸಲ ಹಾಲು ಹಿಂಡಿದ ತೆಂಗಿನ ತುರಿ ಇದ್ದ ಹಾಗೆ. ಹೊಸ ಸರ್ವರ್‌ನ ಡಂಪ್ ಸ್ಕ್ರಿಪ್ಟಿನಲ್ಲಿ ಯಾರಾದರೂ ಜಿಜಿಪ್ ಸೇರಿಸಿದ್ದಾರಾ ನೋಡಿ. ಹಾಗಿದ್ದರೆ ಗಾಬರಿ ಬೇಡ, ಕುಗ್ಗುವ ಕೆಲಸ ಮೊದಲೇ ಮುಗಿದಿದೆ ಅಷ್ಟೆ.

ಎನ್‌ಕ್ರಿಪ್ಷನ್ ಬೇಕೇ ಬೇಕು ಅಂದರೆ ಅದನ್ನು ಡ್ರೈವಿಗೇ ಬಿಡಿ. ಎಲ್‌ಟಿಒ-4ರಿಂದ ಈಚಿನ ಡ್ರೈವುಗಳಲ್ಲಿ 256 ಬಿಟ್‌ನ ಎಇಎಸ್ ಎನ್‌ಕ್ರಿಪ್ಷನ್ ಸೌಲಭ್ಯ ಇದೆ. ಡ್ರೈವ್ ಮೊದಲು ಕುಗ್ಗಿಸಿ ಆಮೇಲೆ ಬೀಗ ಹಾಕುತ್ತದೆ, ಹಾಗಾಗಿ ಜಾಗವೂ ಉಳಿಯುತ್ತದೆ. ಇದನ್ನು ನಿಮ್ಮ ಸಾಫ್ಟ್‌ವೇರ್ ಬೆಂಬಲಿಸಬೇಕು. ನಾನು ಮಾಡಿದ್ದು ಇದನ್ನೇ. ಕೀಯ ಒಂದು ಪ್ರತಿ ಕಾಗದದಲ್ಲಿ ಲಾಕರಿನಲ್ಲಿದೆ, ಟೇಪ್ ಇರುವ ಲಾಕರಿನಲ್ಲಿ ಅಲ್ಲ.

ಸೊನ್ನೆಗೂ ನಾಲ್ಕು ನಿಮಿಷ ಹಿಡಿದರೆ ಡ್ರೈವಿನಲ್ಲೇ ಕಂಪ್ರೆಷನ್ ಆಫ್ ಆಗಿದೆ. ಎಂಟಿಎಕ್ಸ್ ಪ್ಯಾಕೇಜಿನಲ್ಲಿರುವ, ಡ್ರೈವಿನ ಸ್ಥಿತಿ ತೋರಿಸುವ ಟೇಪ್‌ಇನ್ಫೋ ಓಡಿಸಿದರೆ, ಡೇಟಾ ಕಂಪ್ರೆಷನ್ ಎನೇಬಲ್ಡ್ ಅನ್ನುವ ಸಾಲಿನಲ್ಲಿ ನೋ ಅಂತ ಕಾಣಬೇಕು. ಟೇಪ್ ಡ್ರೈವಿಗೆ ಆಜ್ಞೆ ಕೊಡುವ ಎಂಟಿ ಕಮಾಂಡಿನಿಂದ ಆನ್ ಮಾಡಿ. ಡೆಬಿಯನ್ ಲಿನಕ್ಸ್‌ನಲ್ಲಿ ಕಂಪ್ರೆಷನ್ ಅನ್ನುವ ಪದವೇ ಗೊತ್ತಿಲ್ಲ ಅಂತ ಅದು ಬೈದರೆ, ನಿಮ್ಮಲ್ಲಿರುವುದು ಸಿಪಿಐಒ ಅನ್ನುವ ಬೇರೆ ಪ್ಯಾಕೇಜಿನ ಜೊತೆ ಬರುವ ಎಂಟಿ. ಎಂಟಿ-ಎಸ್‌ಟಿ ಪ್ಯಾಕೇಜ್ ಹಾಕಿಕೊಳ್ಳಿ. ರೀಬೂಟ್ ಆದ ಮೇಲೆ ಮತ್ತೆ ಆಫ್ ಆದರೆ ಹಳೆಯ ಸರ್ವರ್‌ನ ಇಟಿಸಿ ಫೋಲ್ಡರಿನಲ್ಲಿ ಟೇಪ್ ಡ್ರೈವಿನ ಸೆಟ್ಟಿಂಗ್ ಬರೆದಿಡುವ ಎಸ್‌ಟಿಇನಿಟ್ ಡೆಫ್ ಫೈಲ್ ಇತ್ತಾ ಅಂತ ಹುಡುಕಿ. ಸರ್ವರ್ ಬದಲಾಯಿಸುವಾಗ ಡೇಟಾ ಎಲ್ಲ ಬರುತ್ತದೆ, ಇಂಥ ನಾಲ್ಕು ಸಾಲಿನ ಫೈಲ್ ಮರೆತುಹೋಗುತ್ತದೆ.

ಇನ್ನು ಹಳೆಯ ಟೇಪುಗಳು. ಕುಗ್ಗಿಸಿ ಬರೆದದ್ದು ಅಂತ ಟೇಪಿನಲ್ಲೇ ಗುರುತಿರುತ್ತದೆ. ಬರೆಯುವಾಗಿನ ಕಂಪ್ರೆಷನ್ ಈಗ ಆಫ್ ಇದ್ದರೂ ಡ್ರೈವ್ ಅದನ್ನು ಬಿಡಿಸಿ ಓದುತ್ತದೆ. ಓದುವಾಗ ಮೆಮೊರಿ ಸಾಲದು ಅನ್ನುವ ಎರರ್ ಬಂದರೆ ರ‍್ಯಾಮ್ ತರಲು ಓಡಬೇಡಿ. ಟೇಪಿನಲ್ಲಿರುವ ಬ್ಲಾಕ್ ನೀವು ಓದಲು ಕೊಟ್ಟ ಅಳತೆಗಿಂತ ದೊಡ್ಡದಿದ್ದಾಗ ಲಿನಕ್ಸ್ ಹಾಗೆ ಹೇಳುತ್ತದೆ. ಹಳೆಯ ಸ್ಕ್ರಿಪ್ಟಿನಲ್ಲಿ ಬ್ಲಾಕ್ ಸೈಜ್ ಎಷ್ಟಿತ್ತು ನೋಡಿ, ಅಷ್ಟೇ ಕೊಟ್ಟು ಓದಿಸಿ.