ಶ್ರೀಧರನ್ ಅವರ ಹಾಗೆ ಆಗಬೇಕು ಅಂದರೆ ಎಂ.ಬಿ.ಎ. ಮಾಡಬೇಕಾ, ರೈಲ್ವೆ ಜೆ.ಇ. (ಜೂನಿಯರ್ ಇಂಜಿನಿಯರ್) ಕೆಲಸಕ್ಕೆ ಸೇರಬೇಕಾ?

ನೀವು ಓದುತ್ತಿರೋದು ಸಿವಿಲ್ ಇಂಜಿನಿಯರಿಂಗ್ ಕೊನೇ ವರ್ಷ, ದಾವಣಗೆರೆ, ತಲೆಯಲ್ಲಿ ಕೊಂಕಣ ರೈಲ್ವೆ, ದೆಹಲಿ ಮೆಟ್ರೊ ಕಟ್ಟಿಸಿದ ಇಂಜಿನಿಯರ್ ಇ. ಶ್ರೀಧರನ್. ನಾನೂ ಇದೇ ಊರಲ್ಲಿ ಇದನ್ನೇ ಓದಿದವನು. ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟ್ ಬಿದ್ದಾಗಲೆಲ್ಲ ಸೈಕಲ್ ನಿಲ್ಲಿಸಿ, ಗ್ಯಾಂಗ್‌ಮನ್‌ಗಳು ಜಲ್ಲಿ ಕೆದಕೋದನ್ನ ನೋಡುತ್ತಿದ್ದೆ. "ದೊಡ್ಡ ಕುರ್ಚಿ ಸಿಕ್ಕಮೇಲೆ ತಾನೇ ಹೊಸದೇನಾದರೂ ಮಾಡೋಕಾಗೋದು? ಜೆ.ಇ. ಆಗಿ ಹಳಿ ಕಾಯೋದರಲ್ಲಿ ಏನಿದೆ?" ಅಂತ ಕೇಳಿದ್ದೀರಿ. ಈ ಲೆಕ್ಕ ನಂಬಿಯೇ ನಾನು ಕೆಟ್ಟೆ.

ತೊಂಬತ್ತರ ದಶಕದ ಶುರು. ನಾನು ರೈಲ್ವೆಯ ಟ್ರ್ಯಾಕ್ ವಿಭಾಗಕ್ಕೆ ಆಗಷ್ಟೇ ಸೇರಿದ್ದೆ. ಕರಾವಳಿಯಲ್ಲಿ ಕೊಂಕಣ ರೈಲ್ವೆ ಕೆಲಸ ಜೋರಾಗಿ ನಡೆಯುತ್ತಿತ್ತು. "ಡೆಪ್ಯುಟೇಶನ್ ಮೇಲೆ ಹೊನ್ನಾವರದ ಕಡೆ ಹೋಗ್ತೀಯೇನಯ್ಯಾ?" ಅಂತ ನಮ್ಮ ಸಾಹೇಬರು ಕೇಳಿದರು. ಅದೇ ಹೊತ್ತಿಗೆ ಆಫೀಸಿನ ಡ್ರಾಯಿಂಗ್ ಸೆಕ್ಷನ್‌ನಲ್ಲಿ ಒಂದು ಜಾಗ ಖಾಲಿಯಾಯಿತು. ನಾನು ಆಫೀಸೇ ಇರಲಿ ಅಂದೆ.

ಮಳೆಗೆ ಹೆದರಿ ಅಲ್ಲ. ಮನೆ ಹತ್ತಿರ ಇರಲಿ ಅಂತಲೂ ಅಲ್ಲ. ಆಫೀಸಲ್ಲಿದ್ದರೆ ದೊಡ್ಡವರ ಕಣ್ಣಿಗೆ ಬೀಳುತ್ತೇನೆ, ಫೈಲ್ ಓಡೋ ದಾರಿ ಗೊತ್ತಾಗುತ್ತದೆ, ಇಲಾಖಾ ಪರೀಕ್ಷೆಗೆ ಓದೋಕೆ ಸಮಯ ಸಿಗುತ್ತದೆ. ಮೊದಲು ಆಫೀಸರ್ ಆಗೋಣ, ನಮ್ಮ ಐಡಿಯಾ ಎಲ್ಲ ಆಮೇಲೆ. ಹೀಗಿತ್ತು ಯೋಚನೆ. ಎಲ್ಲ ಹಾಗೇ ಆಯಿತು ಕೂಡ. ಪರೀಕ್ಷೆ ಪಾಸಾದೆ, ಆಫೀಸರೂ ಆದೆ. ಆದರೆ ಡ್ರಾಯಿಂಗ್‌ನಲ್ಲಿ ತಪ್ಪಾದರೆ ಕೆಂಪು ಶಾಯಿಯ ಗುರುತು ಹೊತ್ತು ವಾಪಸ್ ಬರುತ್ತದೆ, ನಾಳೆ ತಿದ್ದಬಹುದು. ಹಳಿ ಮೇಲೆ ನಾಳೆ ಅನ್ನೋದು ಇಲ್ಲ. ಗಾಡಿ ಬರುತ್ತಿರುತ್ತದೆ. ನಿಂತ ಜಾಗದಲ್ಲೇ ತೀರ್ಮಾನ ಮಾಡಿ, ಅದಕ್ಕೆ ತಲೆ ಕೊಡೋ ಅಭ್ಯಾಸ ನನಗೆ ಬರಲೇ ಇಲ್ಲ. ಆ ವಯಸ್ಸು ದಾಟಿದ ಮೇಲೆ ಅದು ಓದಿನಿಂದ ಬರೋದೂ ಇಲ್ಲ.

ಗೊತ್ತಾಗಿದ್ದು ಒಂದು ಮೆಟ್ರೊ ಯೋಜನೆಯ ಸಂದರ್ಶನದಲ್ಲಿ. "ಎರಡು ಗಂಟೆ ಬ್ಲಾಕ್ (ಗಾಡಿ ನಿಲ್ಲಿಸಿ ಹಳಿ ಕೆಲಸಕ್ಕೆ ಕೊಡೋ ಸಮಯ) ಸಿಕ್ಕಿದೆ. ಒಂದು ಗಂಟೆ ಮುಗಿದಿದೆ. ಹಳೇ ಸ್ಲೀಪರ್ (ಹಳಿ ಕೆಳಗಿನ ಅಡ್ಡಪಟ್ಟಿ) ತೆಗೆದಾಗಿದೆ, ಹೊಸದು ಬಂದಿಲ್ಲ. ಏನು ಮಾಡ್ತೀರಿ?" ಅಂತ ಕೇಳಿದರು. ನಾನು ಯಾರಿಗೆ ವರದಿ ಕೊಡಬೇಕು, ಯಾರ ಒಪ್ಪಿಗೆ ಬೇಕು ಅಂತ ಹೇಳುತ್ತಾ ಹೋದೆ. ಹೊನ್ನಾವರದ ಕಡೆ ಹೋಗಿದ್ದ ನನ್ನ ಗೆಳೆಯನಿಗೂ ಅದೇ ಪ್ರಶ್ನೆ. "ಹಳೇದನ್ನೇ ವಾಪಸ್ ಹಾಕಿ, ಜಲ್ಲಿ ಪ್ಯಾಕ್ ಮಾಡಿಸಿ, ನಿಧಾನ ಹೋಗಿ ಅಂತ ಕಾಶನ್ ಆರ್ಡರ್ ಹಾಕಿ ಗಾಡಿ ಬಿಡ್ತೀನಿ. ಇಂಥ ಹೊತ್ತಿಗೆ ಹೊಸದು ಬರದಿದ್ದರೆ ಕಾಯಬೇಡ ಅಂತ ಗ್ಯಾಂಗಿನ ಮೇಸ್ತ್ರಿಗೆ ಬೆಳಿಗ್ಗೇನೇ ಹೇಳಿರ್ತೀನಿ" ಅಂದನಂತೆ. ಅವನು ಆಯ್ಕೆಯಾದ.

ಈಗ ನಿಮ್ಮ ಶ್ರೀಧರನ್ ಅವರನ್ನೇ ನೋಡಿ. ಕಾಕಿನಾಡದಲ್ಲಿ ಸಿವಿಲ್ ಓದಿದವರು, ಎಂ.ಬಿ.ಎ. ಅಲ್ಲ. 1964ರ ಡಿಸೆಂಬರ್ ಚಂಡಮಾರುತಕ್ಕೆ ರಾಮೇಶ್ವರಕ್ಕೆ ಹೋಗೋ ಪಾಂಬನ್ ಸಮುದ್ರ ಸೇತುವೆ ಕಿತ್ತುಹೋದಾಗ ಅವರಿಗೆ 32 ವರ್ಷ. ರಿಪೇರಿಗೆ ರೈಲ್ವೆ ಆರು ತಿಂಗಳು ಅಂದಿತ್ತು, ಅವರು 46 ದಿನಕ್ಕೆ ಮುಗಿಸಿದರು. ಹೇಗೆ? ಹೊಸ ಗರ್ಡರ್ (ಸೇತುವೆಯ ಉಕ್ಕಿನ ತೊಲೆ) ಬರಲಿ ಅಂತ ಕಾಯಲಿಲ್ಲ. ಸಮುದ್ರಕ್ಕೆ ಬಿದ್ದಿದ್ದ ಹಳೇ ಗರ್ಡರ್‌ಗಳನ್ನೇ ಎತ್ತಿಸಿ ಕೂರಿಸಿದರು. ಹೊಸತನ ಅಂದರೆ ನನಗೆ ಇದೇ. ಅದಕ್ಕೆ ದೊಡ್ಡ ಕುರ್ಚಿ ಬೇಕಾಗಿರಲಿಲ್ಲ.

ಕುರ್ಚಿಗೆ ಬೆಲೆಯೇ ಇಲ್ಲ ಅಂತಲ್ಲ. ಕೊಂಕಣ ರೈಲ್ವೆಗೆ ಬೇರೆಯೇ ನಿಗಮ ಇತ್ತು. ಕೇಂದ್ರದ ಜೊತೆ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ ಬಂಡವಾಳ ಹಾಕಿದ್ದವು, ಬಾಂಡ್ ಮೂಲಕವೂ ಹಣ ಎತ್ತಿದರು. ಆ ಸ್ವಾತಂತ್ರ್ಯ ಇಲ್ಲದಿದ್ದರೆ ಸುಮಾರು 760 ಕಿಲೋಮೀಟರಿನ ಆ ಲೈನ್ 1998ಕ್ಕೆ ಮುಗಿಯುತ್ತಿರಲಿಲ್ಲ. ಹೊನ್ನಾವರದಲ್ಲಿ ಶರಾವತಿ ಮೇಲಿನ ಎರಡು ಕಿಲೋಮೀಟರ್ ಸೇತುವೆ ದಾಟುವಾಗ ನನಗೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ. ಆದರೆ ಆ ನಿಗಮದ ಮುಖ್ಯಸ್ಥರ ಕುರ್ಚಿ ಶ್ರೀಧರನ್ ಅವರಿಗೆ ಸಿಕ್ಕಿದ್ದು 1990ರಲ್ಲಿ, ರೈಲ್ವೆಯಿಂದ ನಿವೃತ್ತರಾದ ಮೇಲೆ. ಕೆಲಸ ಮುಗಿಯೋಕೆ ಎಷ್ಟು ದಿನ ಬಾಕಿ ಅಂತ ತೋರಿಸುವ ಉಲ್ಟಾ ಗಡಿಯಾರವನ್ನು ಅಲ್ಲೂ ತೂಗುಹಾಕಿಸಿದರು, ದೆಹಲಿ ಮೆಟ್ರೊದಲ್ಲೂ ತೂಗುಹಾಕಿಸಿದರು. 46 ದಿನದ ಕೆಲಸ ಮಾಡಿದವರಿಗೇ ಅಂಥ ಗಡಿಯಾರ ನೇತುಹಾಕೋ ಧೈರ್ಯ ಬರೋದು.

ಹಾಗಾಗಿ "ಎಂ.ಬಿ.ಎ.ನಾ, ಜೆ.ಇ.ನಾ" ಅಂತ ತೂಗಿ ನೋಡೋಕೆ ನಾನು ಹೋಗಲ್ಲ. ಎಂ.ಬಿ.ಎ. ಮೂವತ್ತೈದಕ್ಕೂ ಮಾಡಬಹುದು. ಜೆ.ಇ. ಅರ್ಜಿ ಹಾಕಿ. ಕೆಲಸ ಸಿಕ್ಕಿ, ಆಯ್ಕೆ ಕೇಳಿದರೆ ಕನ್‌ಸ್ಟ್ರಕ್ಷನ್ ಅಂತ ಬರೆಯಿರಿ. ಯಾರಾದರೂ ಪ್ರೀತಿಯಿಂದ ಆಫೀಸ್ ಕೆಲಸ ಕೊಡಿಸುತ್ತೇನೆ ಅಂದರೆ ನಯವಾಗಿ ಬೇಡ ಅನ್ನಿ.

ಅಷ್ಟರೊಳಗೆ ಒಂದು ಕೆಲಸ ಮಾಡಿ. ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ಲೈನ್ ನಮ್ಮ ಕಣ್ಣೆದುರೇ ಎಷ್ಟು ವರ್ಷದಿಂದ ಕುಂಟುತ್ತಿದೆ, ನಿಮಗೇ ಗೊತ್ತು. ಒಂದು ಭಾನುವಾರ ಆ ಜಾಗ ನೋಡಿ ಬನ್ನಿ. ಎಲ್ಲಿ ಜಮೀನಿಗೆ ತಡ, ಎಲ್ಲಿ ಸೇತುವೆಗೆ ತಡ ಅಂತ ಸುತ್ತಲಿನ ರೈತರನ್ನು, ಕೆಲಸದವರನ್ನು ಕೇಳಿ ಬರೆದುಕೊಳ್ಳಿ. ಬೇಕಾದರೆ ಅದನ್ನು ಇಲ್ಲೇ ಹಾಕಿ, ನಾನು ಓದಿ ಹೇಳುತ್ತೇನೆ.