ಮಗಳ ಮದುವೆಯನ್ನು ಗೆಳತಿ ಮಾಡಿಸಿದರೆ ನಡೆಯುತ್ತದೆಯೇ?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: ‘ಮಗಳು ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾಳೆ. ಮದುವೆಯೂ ಅಲ್ಲೇ. ಹುಡುಗನನ್ನು ಎಲ್ಲರೂ ಒಪ್ಪಿದ್ದೇವೆ. ಆದರೆ ಪುರೋಹಿತರು ಬೇಡವಂತೆ, ಅವಳ ಗೆಳತಿಯೇ ನಿಂತು ಮದುವೆ ಮಾಡಿಸುತ್ತಾಳಂತೆ. ಇದು ಕಾನೂನಿಗೆ ನಡೆಯುತ್ತದೆಯೇ? ನಾಳೆ ಇಲ್ಲಿಗೆ ಬಂದಾಗ ಮದುವೆಯೇ ಆಗಿಲ್ಲ ಅಂದುಬಿಟ್ಟರೆ? ಧಾರೆ ಎರೆಯುವವರು ಯಾರು?’

ನಮಸ್ಕಾರ.

ನಡೆಯುತ್ತದೆ. ಮೊದಲು ಆ ಭಯ ಬಿಡಿ. ಕ್ಯಾಲಿಫೋರ್ನಿಯಾದಲ್ಲಿ ಗೆಳತಿ ಮಾಡಿಸಿದ ಮದುವೆಗೂ ಪೂರ್ತಿ ಕಾನೂನಿನ ಮಾನ್ಯತೆ ಇದೆ. ಆದರೆ ಸುಮ್ನೆ ಮೈಕ್ ಹಿಡಿದು ನಿಂತರೆ ಸಾಲದು. ಆಕೆಗೆ ಆ ಅಧಿಕಾರ ಇರಬೇಕು.

ಅಲ್ಲಿ ಕೌಂಟಿ ಅಂತ ಇರುತ್ತದೆ, ನಮ್ಮ ಜಿಲ್ಲೆಯ ಹಾಗೆ. ಅನೇಕ ಕೌಂಟಿಗಳು ಸ್ನೇಹಿತರನ್ನೋ ನೆಂಟರನ್ನೋ ಒಂದೇ ಒಂದು ದಿನದ ಮಟ್ಟಿಗೆ ‘ಡೆಪ್ಯುಟಿ ಮ್ಯಾರೇಜ್ ಕಮಿಷನರ್’ ಮಾಡುತ್ತವೆ. ಅರ್ಜಿ ಹಾಕಿ, ಶುಲ್ಕ ಕಟ್ಟಿ, ಪ್ರಮಾಣ ವಚನ ತೆಗೆದುಕೊಳ್ಳಬೇಕು. ಆ ಅಧಿಕಾರ ಆ ಜೋಡಿಯ ಮದುವೆಗೆ ಮಾತ್ರ. ಇಂಟರ್‌ನೆಟ್ಟಿನಲ್ಲೇ ಯಾವುದಾದರೂ ಚರ್ಚಿನಿಂದ ಪಾದ್ರಿ ದೀಕ್ಷೆ ಪಡೆದು ಮದುವೆ ಮಾಡಿಸುವವರೂ ಅಲ್ಲಿ ಜಾಸ್ತಿ. ಆದರೆ ಆ ದಾರಿ ಎಲ್ಲ ರಾಜ್ಯದಲ್ಲೂ ಒಂದೇ ರೀತಿ ಇಲ್ಲ. ಟೆನ್ನೆಸ್ಸಿ ರಾಜ್ಯ 2019ರಲ್ಲಿ ಅಂಥವರು ಮದುವೆ ಮಾಡಿಸಬಾರದು ಅಂತಲೇ ಕಾನೂನು ತಂದಿತು. ನನ್ನನ್ನು ಕೇಳಿದರೆ ಕೌಂಟಿಯ ದಾರಿಯೇ ಒಳ್ಳೆಯದು. ನಾಳೆ ಯಾರೂ ಬೆರಳು ತೋರಿಸುವ ಹಾಗಿರುವುದಿಲ್ಲ.

ಇನ್ನು ಮದುವೆಯ ಲೈಸೆನ್ಸು. ಮದುವೆಗೆ ಮೊದಲೇ ಹುಡುಗ ಹುಡುಗಿ ಇಬ್ಬರೂ ಕೌಂಟಿ ಕ್ಲರ್ಕ್ ಹತ್ತಿರ ಅದನ್ನು ಪಡೆಯಬೇಕು. ಅದು 90 ದಿನ ನಡೆಯುತ್ತದೆ. ಇಂಥದ್ದೇ ಮಂತ್ರ, ಇಂಥದ್ದೇ ಮಾತು ಅಂತ ಅಲ್ಲಿನ ಕಾನೂನು ಹೇಳುವುದಿಲ್ಲ. ಮದುವೆ ಮಾಡಿಸುವವರ ಮತ್ತು ಸಾಕ್ಷಿಯ ಎದುರು ಇಬ್ಬರೂ ಒಬ್ಬರನ್ನೊಬ್ಬರು ಸ್ವೀಕರಿಸಿದ್ದೇವೆ ಅಂತ ಬಾಯಿಬಿಟ್ಟು ಹೇಳಬೇಕು. ಆಮೇಲೆ ಸಹಿ. ಸಹಿಯಾದ ಕಾಗದವನ್ನು 10 ದಿನದೊಳಗೆ ಕೌಂಟಿಗೆ ತಲುಪಿಸುವುದು ಮದುವೆ ಮಾಡಿಸಿದವರ ಜವಾಬ್ದಾರಿ.

ಎಡವಟ್ಟಾಗುವುದು ಈ ಕಾಗದದಲ್ಲೇ. ನಮ್ಮ ಅಕ್ಕನ ಮಗನ ಮದುವೆ ಮಾಡಿಸಿದ್ದು ಅವನ ರೂಮ್‌ಮೇಟ್. ಎಷ್ಟು ಚೆನ್ನಾಗಿ ಮಾತಾಡಿದ ಅಂದರೆ ಅಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು. ಆಮೇಲೆ ಕೇಕಿನ ಮೇಜಿನ ಮೂಲೆಯಲ್ಲಿ ಕಾಗದ ಇಟ್ಟುಕೊಂಡು ಬರೆಯುವಾಗ ತಾರೀಕು ತಪ್ಪಿದ. ವೈಟ್ನರ್ ಇದೆಯಾ ಅಂತ ಹುಡುಕಲು ಶುರುಮಾಡಿದ. ಆ ಕಾಗದಕ್ಕೆ ವೈಟ್ನರ್ ಹಚ್ಚುವ ಹಾಗಿಲ್ಲ, ಹೊಡೆದುಹಾಕಿ ತಿದ್ದುವ ಹಾಗೂ ಇಲ್ಲ. ಕೊನೆಗೆ ಶುಲ್ಕ ಕಟ್ಟಿ ಡೂಪ್ಲಿಕೇಟ್ ಲೈಸೆನ್ಸ್ ಮಾಡಿಸಬೇಕಾಯಿತು. ನಿಮ್ಮ ಮಗಳ ಗೆಳತಿಗೆ ಇದೊಂದನ್ನು ಮೊದಲೇ ಹೇಳಿಡಿ. ಹಾಗಂತ ಹೆದರಬೇಡಿ, ಕಾಗದ ತಲುಪಿಸುವುದು ಆಕೆಯಿಂದ ತಡವಾಯಿತು ಅಂತ ಮದುವೆ ಬಿದ್ದುಹೋಗುವುದಿಲ್ಲ.

ಇಲ್ಲಿಗೆ ಬಂದರೆ? ಮದುವೆಯ ವಿಧಿ ಸರಿಯೇ ಅಂತ ನೋಡುವುದು ಸಾಮಾನ್ಯವಾಗಿ ಮದುವೆ ನಡೆದ ಜಾಗದ ಕಾನೂನಿನಂತೆ. ಕೌಂಟಿಯಿಂದ ದೃಢೀಕರಿಸಿದ ಪ್ರತಿ ತೆಗೆದುಕೊಂಡು, ಅದಕ್ಕೆ ಅಲ್ಲಿನ ರಾಜ್ಯ ಸರ್ಕಾರದ ಅಪೊಸ್ಟಿಲ್ ಮುದ್ರೆ, ಅಂದರೆ ಕಾಗದ ಅಸಲಿ ಅಂತ ಬೇರೆ ದೇಶಗಳಿಗೆ ದೃಢಪಡಿಸುವ ಮುದ್ರೆ, ಹಾಕಿಸಲು ಹೇಳಿ. ಭಾರತ 2005ರಿಂದ ಅದನ್ನು ಒಪ್ಪುತ್ತದೆ. ಎರಡು ಮೂರು ಪ್ರತಿ ಜಾಸ್ತಿಯೇ ಇರಲಿ.

ಇದೇ ಮದುವೆ ಹಾಸನದಲ್ಲಾಗಿದ್ದರೆ ಗೆಳತಿಗೆ ಈ ಅಧಿಕಾರ ಸಿಗುತ್ತಿರಲಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ಅಧಿಕಾರಿಯೇ ಎದುರಿಗಿರಬೇಕು. 30 ದಿನದ ನೋಟಿಸು, ಮೂವರು ಸಾಕ್ಷಿಗಳು. ಆದರೆ ಅದರಲ್ಲಿ ನನಗೆ ತುಂಬಾ ಇಷ್ಟವಾದ ಮಾತೊಂದಿದೆ. ‘ನಿನ್ನನ್ನು ಸ್ವೀಕರಿಸುತ್ತೇನೆ’ ಅನ್ನುವುದನ್ನು ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಹೇಳಬಹುದು. ಕನ್ನಡದಲ್ಲೇ ಹೇಳಬಹುದು! ಪಕ್ಕದ ತಮಿಳುನಾಡಿನಲ್ಲಿ 1967ರ ತಿದ್ದುಪಡಿಯಿಂದ, ಹಿಂದೂಗಳು ಪುರೋಹಿತರಿಲ್ಲದೆ ನೆಂಟರು, ಸ್ನೇಹಿತರ ಎದುರು ಹಾರ ಬದಲಿಸಿಯೋ ತಾಳಿ ಕಟ್ಟಿಯೋ ಮದುವೆಯಾಗಬಹುದು. ನಮ್ಮಲ್ಲಿ ಕಾನೂನು ಅಷ್ಟು ದೂರ ಬಂದಿಲ್ಲ, ಆದರೆ ಜನ ಬಂದಿದ್ದಾರೆ. ಕುವೆಂಪು ಅವರ ಮಂತ್ರ ಮಾಂಗಲ್ಯ ನೆನಪಿದೆ ಅಲ್ವಾ? ಮಗ ತೇಜಸ್ವಿಯವರ ಮದುವೆಯೇ ಹಾಗಾಯಿತು. ಪುರೋಹಿತರಿಲ್ಲದೆ, ಅರ್ಥವಾಗುವ ಕನ್ನಡದಲ್ಲಿ ಪ್ರಮಾಣ ಓದಿ ಮದುವೆಯಾದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಹಾಗೆ ಆಗುವವರಿಗೆ ನನ್ನ ಸಲಹೆ, ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿಯನ್ನೂ ತಪ್ಪದೆ ಮಾಡಿಸಿ. ಒಟ್ಟಿನಲ್ಲಿ ನಿಮ್ಮ ಮಗಳು ಕೇಳುತ್ತಿರುವುದು ನಮಗೆ ಹೊಸದಲ್ಲ.

ಕೊನೆಗೆ ಧಾರೆ. ನಿಮ್ಮ ಪತ್ರದಲ್ಲಿ ನನಗೆ ಮನಸ್ಸಿಗೆ ತಾಗಿದ್ದು ಈ ಪ್ರಶ್ನೆಯೇ. ಪುರೋಹಿತರು ಮಂತ್ರ ಹೇಳುತ್ತಾರೆ, ಧಾರೆ ಎರೆಯುವವರು ಯಾವಾಗಲೂ ಅಪ್ಪ ಅಮ್ಮನೇ. ಆ ಜಾಗವನ್ನು ಗೆಳತಿ ತೆಗೆದುಕೊಳ್ಳುತ್ತಿಲ್ಲ. ತಂಬಿಗೆ ಒಯ್ಯಿರಿ, ತೆಂಗಿನಕಾಯಿ ಅಲ್ಲೂ ಸಿಗುತ್ತದೆ. ಗೆಳತಿ ಮಾತು ಮುಗಿಸಿದ ಮೇಲೆ ಐದು ನಿಮಿಷ ನಮಗೆ ಬಿಡು ಅಂತ ಮಗಳನ್ನು ಕೇಳಿ. ಬೇಡ ಅನ್ನಲಾರಳು.

ಇನ್ನೊಂದು ಮಾತು. ಆ ಲೈಸೆನ್ಸಿಗೆ ಒಬ್ಬ ಸಾಕ್ಷಿಯ ಸಹಿಯೂ ಬೇಕು. ಅದನ್ನು ಯಾರು ಹಾಕುವುದು ಅಂತ ಇನ್ನೂ ಆಗಿಲ್ಲದಿದ್ದರೆ, ಇವತ್ತೇ ಫೋನ್ ಮಾಡಿ, ‘ನಾನು ಹಾಕುತ್ತೇನೆ’ ಅನ್ನಿ.

– ಸಂಪಾದಕ