ಸ್ಕ್ಯಾನ್ ನಾರ್ಮಲ್ ಇದ್ದರೂ ಮಗುವಿನ ನೋವು ಸುಳ್ಳಲ್ಲ

ಅಕ್ಕಾ, ಯಾದಗಿರಿಯಲ್ಲಿ ಎರಡು ಸಲ ಸ್ಕ್ಯಾನ್ ಮಾಡಿಸಿದರೂ ಎಲ್ಲ ನಾರ್ಮಲ್, ಮತ್ತೆ 8 ವರ್ಷದ ಮಗಳಿಗೆ ತಿಂಗಳಿಗೊಮ್ಮೆ ಹೊಟ್ಟೆನೋವು ಯಾಕೆ ಅಂತ ಕೇಳಿದ್ದೀರಿ. ನನ್ನ ಮಗನಿಗೂ ಹೀಗೇ ಇತ್ತು. ಜೋಳದ ರೊಟ್ಟಿ ಅರ್ಧಕ್ಕೇ ಬಿಟ್ಟು, ಹೊಕ್ಕುಳ ಹಿಡಿದುಕೊಂಡು ಮುದುಡಿ ಮಲಗುತ್ತಿದ್ದ. ಮುಖ ಸುಣ್ಣದ ಹಾಗೆ ಬಿಳಚಿಕೊಳ್ಳುತ್ತಿತ್ತು. ಮರುದಿನ ಓಣಿಯಲ್ಲಿ ಆಟ! ಶಾಲೆ ತಪ್ಪಿಸೋಕೆ ನಾಟಕ ಅಂದವರೇ ಜಾಸ್ತಿ. ಆ ಮಾತು ನನಗೆ ಇವತ್ತಿಗೂ ನೋವು.

ಕಲಬುರಗಿಯ ಮಕ್ಕಳ ಡಾಕ್ಟರೊಬ್ಬರು ಮೊದಲು ಕೇಳಿದ್ದು, "ಮನೆಯಲ್ಲಿ ಯಾರಿಗಾದರೂ ಅರೆತಲೆನೋವು ಇದೆಯಾ?" ನನಗೇ ಇದೆ. ಮಗನದು ಹೊಟ್ಟೆಯ ಮೈಗ್ರೇನ್, ಅಂದರೆ ಅರೆತಲೆನೋವಿನ ಜಾತಿಯದೇ, ಆದರೆ ನೋವು ತಲೆಯ ಬದಲು ಹೊಟ್ಟೆಯಲ್ಲಿ ಅಂದರು. ಇದು ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ನೋವು 2ರಿಂದ 72 ಗಂಟೆ ಇರಬಹುದು, ನಡುವಿನ ದಿನಗಳಲ್ಲಿ ಮಗು ಪೂರ್ತಿ ಆರಾಮ. ನಿದ್ದೆಗೆಟ್ಟರೆ, ಊಟ ತಪ್ಪಿದರೆ ಶುರುವಾಗಬಹುದು.

ಇನ್ನೂ ಬಹಳ ಅಪರೂಪದ್ದು ಹೊಟ್ಟೆಯಲ್ಲಿ ಕಾಣಿಸುವ ಫಿಟ್ಸ್. ಅದರಲ್ಲಿ ನೋವು ಸಾಮಾನ್ಯವಾಗಿ ಕೆಲವೇ ನಿಮಿಷ, ಆಮೇಲೆ ಮಂಕು, ನಿದ್ದೆ. ಆ ಅನುಮಾನ ಬಂದರೆ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ, ಮಾಡಿಸುತ್ತಾರೆ.

ತೂಕ ಇಳಿಯುವುದು, ಹಸಿರು ವಾಂತಿ, ಮಲದಲ್ಲಿ ರಕ್ತ, ಜ್ವರ, ಇವುಗಳಲ್ಲಿ ಒಂದಿದ್ದರೂ ಡಾಕ್ಟರಿಗೆ ತೋರಿಸಲು ಕಾಯಬೇಡಿ, ಅದು ಬೇರೆ ಕಾಯಿಲೆ ಇರಬಹುದು. ಮುಂದಿನ ಸಲ ನೋವು ಬಂದಾಗ ಗಡಿಯಾರ ನೋಡಿ ಬರೆದಿಡಿ. ಆ ಚೀಟಿ ಡಾಕ್ಟರಿಗೆ ತೋರಿಸಿ ಅಕ್ಕಾ.